ಲ್ಯಾಟಿನ್ ಪಕ್ಷದ ಮುಂದಾಳು

ಅರ್ಥವಾಗದ ಮಾತಿಗೆ ಸರಿಯಾದ ಹೊತ್ತಿನಲ್ಲಿ ತಲೆಯಾಡಿಸುವುದೂ ಒಂದು ವಿದ್ಯೆ. ಅದರಲ್ಲಿ ನನಗೆ ಇಪ್ಪತ್ತು ವರ್ಷಗಳ ಅನುಭವವಿದೆ. ಭದ್ರಾವತಿಯ ನಮ್ಮ ಚರ್ಚಿನಲ್ಲಿ ಫಾದರ್ ನಮಗೆ ಬೆನ್ನು ಮಾಡಿ ಲ್ಯಾಟಿನ್ನಿನಲ್ಲಿ ಪೂಜೆ ನಡೆಸುತ್ತಿದ್ದ ಕಾಲ. ಫಾದರ್ ಹೇಳಿದ್ದಕ್ಕೆ ಜನ ಕೊಡಬೇಕಾದ ಉತ್ತರವನ್ನು ಅಕ್ಕಪಕ್ಕದವರು ಶುರುಮಾಡಿದ ಮೇಲೆ ಅದರ ಬಾಲ ಹಿಡಿದು ಗೊಣಗುತ್ತಾ, ಕೊನೆಯ 'ಆಮೆನ್' ಮಾತ್ರ ಗಟ್ಟಿಯಾಗಿ ಹೇಳುತ್ತಿದ್ದೆ. ಆ ಆಮೆನ್ನಿನ ಗಾಂಭೀರ್ಯ ಕೇಳಿಯೇ ಜನ ನನ್ನನ್ನು ಲ್ಯಾಟಿನ್ ಬಲ್ಲವನೆಂದು ನಂಬಿದ್ದರು. ಅಲ್ಲವೆನ್ನಲು ನನಗೇನು ಹುಚ್ಚೇ?

ಆಮೇಲೆ, ಪೂಜೆಯನ್ನು ಜನರ ಭಾಷೆಯಲ್ಲೇ ಮಾಡಬಹುದೆಂದು ರೋಮಿನಿಂದ ಸುಧಾರಣೆ ಬಂತು. ಶಿವಮೊಗ್ಗದಲ್ಲಿ ಆಗಲೇ ಕನ್ನಡದ ಪೂಜೆ ಶುರುವಾಗಿತ್ತು. ನಮ್ಮಲ್ಲಿ ತಮಿಳರು, ಕೊಂಕಣಿಯವರು, ಕನ್ನಡದವರು ಎಲ್ಲರೂ ಇದ್ದೆವು. ಯಾರಿಗೂ ಬಾರದ ಭಾಷೆಯೊಂದಿದ್ದುದರಿಂದ ಜಗಳವಿಲ್ಲದೆ ಇದ್ದೆವು. ಕಾರ್ಖಾನೆಯ ಮೇಸ್ತ್ರಿ ಅರುಳಪ್ಪನವರು ಲ್ಯಾಟಿನ್ ಪಕ್ಷ ಕಟ್ಟಿ ನನ್ನನ್ನು ಮುಂದಾಳು ಮಾಡಿದರು. ನನ್ನ ಹೆಂಡತಿ ಫಿಲೋಮಿನಾ ಕನ್ನಡ ಪಕ್ಷ. ದೇವರಿಗೆ ಹೇಳುವುದು ಹೇಳುವವರಿಗೂ ತಿಳಿದಿರಬೇಕೆಂಬುದು ಅವಳ ವಾದ. ಸಾರಿಗೆ ಉಪ್ಪು ಕಡಿಮೆಯಾದರೂ ನಾನು ಸಿದ್ಧಾಂತಕ್ಕಾಗಿ ಸಹಿಸಿಕೊಂಡೆ.

ಫಾದರ್ ಜಾಣರು. "ಬರೋ ಭಾನುವಾರ ಲ್ಯಾಟಿನ್ನಲ್ಲೇ ಪೂಜೆ ಮಾಡ್ತೀನಿ. ಉತ್ತರ ನೀವು ಕೊಡಿ. ಕೊಟ್ರೆ ಬಿಷಪ್ಪರಿಗೆ ನಿಮ್ಮ ಪರವಾಗಿ ಬರೀತೀನಿ" ಎಂದರು.

ಆ ಭಾನುವಾರ ನನ್ನನ್ನು ಮೊದಲ ಸಾಲಿಗೆ ನೂಕಿದರು. ಫಾದರ್ ಒಂದು ವಾಕ್ಯ ಹೇಳಿ ನಿಲ್ಲಿಸಿದರು. ನಾನು ವಾಡಿಕೆಯಂತೆ ಅರುಳಪ್ಪನವರಿಗಾಗಿ ಕಾದೆ. ಅರುಳಪ್ಪನವರು ನನಗಾಗಿ ಕಾದರು. ಹಿಂದಿನವರು ನಮ್ಮಿಬ್ಬರಿಗಾಗಿ ಕಾದರು. ಇಷ್ಟು ವರ್ಷ ನಾವೆಲ್ಲ ಒಬ್ಬರ ಬಾಲ ಒಬ್ಬರು ಹಿಡಿದಿದ್ದೆವೆಂದು ಆಗ ಗೊತ್ತಾಯಿತು. ಅಷ್ಟರಲ್ಲಿ ಹೆಂಗಸರ ಕಡೆಯಿಂದ ಲ್ಯಾಟಿನ್ ಉತ್ತರ ಬಂತು, ಒಂದಕ್ಷರ ತಪ್ಪದೆ. ಫಿಲೋಮಿನಾ! ಕೊನೆಯವರೆಗೂ ಅವಳೇ ಹೇಳಿದಳು. ನಾನು ಆಮೆನ್ ಎಂದೆ.

ಪೂಜೆ ಮುಗಿದ ಮೇಲೆ ಫಾದರ್, ಉತ್ತರ ಕೊಟ್ಟವರ ಹೆಸರನ್ನು ಬಿಷಪ್ಪರಿಗೆ ಬರೆಯಲೇ ಎಂದು ವಿಚಾರಿಸಿದರು. ಅರುಳಪ್ಪನವರು ಕನ್ನಡವೇ ಇರಲಿ ಬಿಡಿ ಎಂದರು.

ದಾರಿಯಲ್ಲಿ ಕೇಳಿದೆ: "ಇಷ್ಟು ಚೆನ್ನಾಗಿ ಬರೋವಾಗ ನಿಂಗೆ ಕನ್ನಡ ಯಾಕೆ ಬೇಕಿತ್ತು ಮಾರಾಯ್ತಿ?"

"ನಂಗೆಲ್ಲಿ ಬೇಕಿತ್ತು? ನಿಮಗೆ ಬೇಕಿತ್ತು."

ಈಗ ಎಲ್ಲವೂ ಕನ್ನಡ. ತಪ್ಪೊಪ್ಪಿಗೆಯ ಪ್ರಾರ್ಥನೆಯಲ್ಲಿ, ತಪ್ಪು ನನ್ನದೇ ಎಂದು ಎದೆ ಬಡಿದುಕೊಳ್ಳುವಾಗ ಪ್ರತಿ ಮಾತೂ ಅರ್ಥವಾಗುತ್ತದೆ. ಸರಿಯಾಗಿ ಆ ಹೊತ್ತಿಗೇ ಫಿಲೋಮಿನಾ ಕತ್ತು ತಿರುಗಿಸಿ ನನ್ನನ್ನು ನೋಡುತ್ತಾಳೆ. ಅದೊಂದನ್ನಾದರೂ ಲ್ಯಾಟಿನ್ನಿನಲ್ಲೇ ಉಳಿಸಿದ್ದರೆ ರೋಮಿಗೇನೂ ನಷ್ಟವಾಗುತ್ತಿರಲಿಲ್ಲ.