ಎನಿಡ್‌ಳ ಹಲಗೆ

ಪಕ್ಕದ ಮನೆಯ ಬೆರಿಲ್ ಬಸ್ ಸ್ಟಾಪಿನಲ್ಲಿ ಬಾಯಿ ಬಿಡದಿದ್ದರೆ ಕ್ಲಿಫರ್ಡ್ ಹಾಸ್ಕಿನ್ ಆ ದಿನ ಮನೆಯಲ್ಲೇ ಚಹಾ ಕುಡಿದುಕೊಂಡಿರುತ್ತಿದ್ದ. ಕಂಬಗಳ ಮೇಲೆ ಕಡಲಿನೊಳಕ್ಕೆ ಚಾಚಿದ ಮರದ ಪಿಯರಿನ ರಿಪೇರಿ ಶುರುವಾಗಿದೆ, ಕೊಳೆತ ಹಲಗೆಗಳನ್ನೆಲ್ಲ ತೀರಿಹೋದವರ ಹೆಸರಿನ ಹಿತ್ತಾಳೆ ಫಲಕಗಳ ಸಮೇತ ಕಿತ್ತು ಲಾರಿಗೆ ತುಂಬುತ್ತಾರಂತೆ ಎಂದಳು.

ಅಂಥದೊಂದು ಫಲಕದಲ್ಲಿ ಅವನ ಹೆಂಡತಿ ಎನಿಡ್ ಇದ್ದಳು. ಅವಳಿಗೆ ಸಮಾಧಿಯಿಲ್ಲ. ಬೂದಿಯನ್ನು ಪಿಯರಿನ ನಡುಮಧ್ಯದಿಂದ ಕಡಲಿಗೆ ಚೆಲ್ಲಿದ್ದ. ಅರ್ಧ ಗಾಳಿಗೆ ತಿರುಗಿ ಅವನ ಕೋಟಿಗೇ ಬಂದಿತ್ತು. ಅಲ್ಲೇ ಕಾಲಡಿಯ ಹಲಗೆಗೆ ಅವಳ ಹೆಸರು ಜಡಿಸಿದ್ದ. ಭಾನುವಾರ ಅಲ್ಲಿ ನಿಂತು ಅವಳ ಪಾಲಿನ ಚಿಪ್ಸನ್ನೂ ತಾನೇ ತಿನ್ನುತ್ತಿದ್ದ.

ಕ್ಲಿಫರ್ಡ್ ನಲವತ್ತು ವರ್ಷ ಬಡಗಿಯಾಗಿದ್ದವನು. ಯುದ್ಧಕಾಲದಲ್ಲಿ ಜರ್ಮನರು ಬಂದಿಳಿದಾರೆಂದು ಸೈನ್ಯದವರು ಪಿಯರನ್ನು ನಡುವೆ ಕತ್ತರಿಸಿದ್ದರು. ಆಮೇಲೆ ಆ ಜಾಗಕ್ಕೆ ಹೊಸ ಕಂಬ ನೆಟ್ಟು, ಸಿಕ್ಕ ಅಗ್ಗದ ಮರ ಹಾಸಿದ್ದರು. ಎನಿಡ್ ಇದ್ದದ್ದು ಅಲ್ಲೇ. ಚಾಕು ಚುಚ್ಚಿದರೆ ನೆನೆದ ಬ್ರೆಡ್ಡಿಗೆ ಚುಚ್ಚಿದಂತೆ ಹಿಡಿಯವರೆಗೂ ಇಳಿಯಿತು. ಕಡಲ ತುದಿಯತ್ತ ಇಪ್ಪತ್ತು ಹೆಜ್ಜೆ ಆಚೆ ವಿಕ್ಟೋರಿಯಾ ರಾಣಿಯ ಕಾಲದ ಮರ. ಅಲ್ಲಿ ಚುಚ್ಚಿದಾಗ ಚಾಕುವಿನ ಮೊನೆಯೇ ಮುರಿಯಿತು. ಫಲಕವನ್ನು ಅಲ್ಲಿಗೇ ಸಾಗಿಸುವುದೆಂದು ತೀರ್ಮಾನಿಸಿದ.

ಮಂಡಿಯೂರಿ ತಿರುಪು ಬಿಚ್ಚುವಾಗ ಹೋಗಿಬರುವವರೆಲ್ಲ ಬುದ್ಧಿ ಹೇಳಿದರು. ಪಾದ್ರಿಯೊಬ್ಬ, ಇವನು ಪ್ರಾರ್ಥನೆಗೆ ಮಂಡಿಯೂರಿರಬೇಕೆಂದುಕೊಂಡು, ಟೋಪಿ ತೆಗೆದು ನಿಂತ. ಬೆರಿಲ್ ಹಿಂದೆಯೇ ಬಂದಿದ್ದಳು.

"ಈ ಜಾಗ ಬಿಟ್ಬಿಡ್ತೀಯಾ ಹಾಗಾದ್ರೆ, ಕ್ಲಿಫ್?"

"ಕೊಳೆತು ಹೋಗಿದೆ ಮಾರಾಯ್ತಿ. ಬೇಕಾದ್ರೆ ನೀನೇ ಇಟ್ಕೋ."

ಮೂರು ಗಂಟೆಗೆ ಎನಿಡ್ ಗಟ್ಟಿ ಮರದ ಮೇಲೆ, ನಾಲ್ಕು ಹೊಸ ತಿರುಪುಗಳಲ್ಲಿ ಭದ್ರವಾದಳು. ನಾಲ್ಕಕ್ಕೆ ಇಂಜಿನಿಯರ್ ಮಿಸ್ ಹಾರ್ಗ್ರೀವ್ ಬಂದು, ಅವನ ತೋಳು ಹಿಡಿದು ಈಚೆ ಕರೆತಂದು, ಹಿಂದೆ ಕಬ್ಬಿಣದ ಬೇಲಿ ಹಾಕಿಸಿದಳು.

"ಆ ತುದಿ ಇವತ್ತಿಂದ ಬಂದ್, ಮಿಸ್ಟರ್ ಹಾಸ್ಕಿನ್. ಚಳಿಗಾಲದೊಳಗೆ ಕಡಲಿಗೆ ಬಿದ್ದರೂ ಬಿತ್ತು."

"ಮರ ಕಲ್ಲಿದ್ದಂಗಿದೆ. ನಾನೇ ನೋಡಿದೀನಿ."

"ಮರಕ್ಕೇನಾಗಿಲ್ಲ. ಕೆಳಗಿನ ಕಾಲು ನೋಡಿದ್ರಾ?"

ನೋಡಿರಲಿಲ್ಲ. ಈಗ ಬಗ್ಗಿ ನೋಡಿದ. ನೂರ ನಲವತ್ತು ವರ್ಷ ಉಪ್ಪುನೀರಲ್ಲಿ ನಿಂತ ಕಂಬಗಳು ಇಲಿ ಕಡಿದ ಬಿಸ್ಕತ್ತಿನಂತಿದ್ದವು. ಯುದ್ಧದ ನಂತರದ ಕಂಬಗಳು ಮಾತ್ರ ಗಟ್ಟಿ. ಅಲ್ಲಿ ಹೊಸ ಹಲಗೆ ಹಾಸಿ, ಫಲಕಗಳನ್ನು ಇದ್ದಲ್ಲೇ ಮತ್ತೆ ಕೂರಿಸುತ್ತಾರಂತೆ. ಯಾವ ಫಲಕ ಎಲ್ಲಿದೆ ಎಂಬ ಪಟ್ಟಿ ಈಗಷ್ಟೇ ಬರೆದು ಮುಗಿಯಿತಂತೆ.

"ಒಂದು ಸಲ ಒಳಗೆ ಬಿಡಿ. ನಾಲ್ಕು ತಿರುಪು, ಅಷ್ಟೆ."

ಅವಳು ಆಗದೆಂದು ತಲೆಯಾಡಿಸಿದಳು. "ನಿಮ್ಮ ಭಾರಕ್ಕೇ ಕುಸೀಬಹುದು."

ಹಳೆಯ ಜಾಗಕ್ಕೆ ಬಂದರೆ ಅಲ್ಲಿ ಬೇರೊಂದು ಫಲಕ ಹೊಳೆಯುತ್ತಿತ್ತು: 'ಮಾಂಟಿ. ಒಳ್ಳೆಯ ನಾಯಿ.' ಸತ್ತುಹೋದ ತನ್ನ ನಾಯಿಯ ಆ ಫಲಕವನ್ನು ಬೆರಿಲ್ ಎರಡು ವರ್ಷದಿಂದ ಕೈಚೀಲದಲ್ಲಿಟ್ಟುಕೊಂಡು ಜಾಗಕ್ಕೆ ಕಾಯುತ್ತಿದ್ದಳು. ಆ ನಾಯಿಯ ಬೊಗಳಾಟದ ಮೇಲೆ ಎನಿಡ್ ಹನ್ನೊಂದು ವರ್ಷ, ವಾರಕ್ಕೊಂದರಂತೆ, ನಗರಸಭೆಗೆ ದೂರು ಬರೆದಿದ್ದಳು.

ಮುಂದಿನ ಭಾನುವಾರ ಕ್ಲಿಫರ್ಡ್ ಚಿಪ್ಸ್ ಹಿಡಿದು ಮಾಂಟಿಯ ಮೇಲೆಯೇ ನಿಂತ. ಎನಿಡ್‌ಗೆ ಹತ್ತಿರದಲ್ಲಿ, ಬೇಲಿಯ ಈಚೆ, ನಿಲ್ಲಲು ಇದ್ದ ಜಾಗ ಅದೊಂದೇ.