ನಲವತ್ತೊಂದನೇ ಅಡಿಟಿಪ್ಪಣಿಯಲ್ಲಿ ಒಂದು ಪದ ಬದಲಿಸುವ ಬಗ್ಗೆ

ಇಂದ:
ಎಕ್‌ಹಾರ್ಟ್ ಲಿಂಡ್ನರ್, ಗ್ರಂಥ ಸಂಪಾದಕ (ಪಿಟೀಲು ವಿಭಾಗ), ಲೈಪ್‌ಜಿಗ್

ಗೆ:
ಪ್ರಧಾನ ಸಂಪಾದಕರು, ರಾಬೆನ್‌ಹೋಫ್ ಸಂಗೀತ ಪ್ರಕಾಶನ, ಲೈಪ್‌ಜಿಗ್

ದಿನಾಂಕ: 7 ಮೇ 2009

ವಿಷಯ: ಅಚ್ಚಿಗೆ ಹೋಗಲಿರುವ ಪಿಟೀಲು ಕಾನ್ಚೆರ್ಟೊ ಎಂಬ ವಾದ್ಯವೃಂದ ಕೃತಿಯ ಶುದ್ಧ ಪಾಠದಲ್ಲಿ ಒಂದು ಪದ ತಿದ್ದುವ ಕುರಿತು.

ಉಲ್ಲೇಖ: ಕೊನೆಯ ಕರಡಚ್ಚು, ಪುಟ 88, ಹಾಗೂ ಮಾವನವರು ಊಟ ಬಿಟ್ಟು ಎದ್ದ ಭಾನುವಾರ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಅರ್ಜಿದಾರನು ಅರಿಕೆ ಮಾಡಿಕೊಳ್ಳುವುದೇನೆಂದರೆ:

1. ಸದರಿ ಕಾನ್ಚೆರ್ಟೊದ ಎರಡನೇ ಭಾಗದಲ್ಲಿ, ಸ್ವರವನ್ನು ಅರ್ಧ ಮೆಟ್ಟಿಲು ಏರಿಸುವ ಒಂದು ಶಾರ್ಪ್ ಚಿಹ್ನೆ ಸಂಗೀತಕಾರರ ಹಸ್ತಪ್ರತಿಯಲ್ಲಿದೆ, 1969ರ ಆವೃತ್ತಿಯಲ್ಲಿಲ್ಲ. ಈ ಕಾರಣದಿಂದ ನಲವತ್ತು ವರ್ಷಗಳಿಂದ ಪಿಟೀಲಿನವರೆಲ್ಲ ಆ ಸ್ವರವನ್ನು ತಪ್ಪಾಗಿಯೇ ನುಡಿಸಿದ್ದಾರೆ, ಚಪ್ಪಾಳೆಯನ್ನೂ ಗಿಟ್ಟಿಸಿದ್ದಾರೆ.

2. ಅರ್ಜಿದಾರನು ಚಿಹ್ನೆಯನ್ನು ಸೇರಿಸಿ, "ಹಿಂದಿನ ಸಂಪಾದಕರು ಅಜಾಗರೂಕತೆಯಿಂದ ಕೈಬಿಟ್ಟಿದ್ದಾರೆ" ಎಂದು ಅಡಿಟಿಪ್ಪಣಿ ಬರೆದನು. ಹಿಂದಿನ ಸಂಪಾದಕರು ಶ್ರೀ ಗೊಟ್‌ಹೋಲ್ಡ್ ಟ್ಸೀಗ್ಲರ್, ವಯಸ್ಸು 78, ಅರ್ಜಿದಾರನ ಹೆಂಡತಿ ಉಟೆಯ ತಂದೆ.

3. ಕರಡಚ್ಚು ಊಟದ ಮೇಜಿನ ಮೇಲಿದ್ದುದು ಅರ್ಜಿದಾರನ ತಪ್ಪು. ಮಾವನವರು ಓದಿದರು. "ಓಹೋ, ಅಳಿಯಂದ್ರು ದೊಡ್ಡ ವಿದ್ವಾಂಸರಾಗ್ಬಿಟ್ರು!" ಎಂದು ಆಲೂಗಡ್ಡೆ ಉಂಡೆಯನ್ನು ಮುಟ್ಟದೆ ಟೋಪಿ ಹಾಕಿಕೊಂಡು ಹೊರಟರು. ಮುಂದಿನ ಮೂರು ಭಾನುವಾರ ಬರಲಿಲ್ಲ.

4. "ನಿಂಗೆ ಬೇರೆ ಪದಾನೇ ಸಿಗ್ಲಿಲ್ವಾ?" ಎಂದು ಉಟೆ ಕೇಳಿದಳು. "ಅದು ಶಾಸ್ತ್ರ ಕಣೆ" ಎಂದನು ಅರ್ಜಿದಾರ. "ಹಾಗಾದ್ರೆ ಶಾಸ್ತ್ರಾನೇ ಬೇಯಿಸ್ಕೊಂಡು ತಿನ್ನು" ಎಂದಳು. ಆದ್ದರಿಂದ ಸದರಿ ಮೂರು ಭಾನುವಾರ ಅರ್ಜಿದಾರನು ಒಣ ಬ್ರೆಡ್ ತಿಂದನು.

5. ನಿನ್ನೆ ಅರ್ಜಿದಾರನು ಹಸ್ತಪ್ರತಿಯ ಛಾಯಾಚಿತ್ರ ಹಿಡಿದು ಮಾವನವರ ಮನೆಗೆ ಹೋದನು. ಅವರು ಕುಳಿತುಕೋ ಎನ್ನಲಿಲ್ಲ. ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು. ಪಿಟೀಲು ತೆಗೆದು ಆ ಸಾಲನ್ನು ಚಿಹ್ನೆಯಿಲ್ಲದೆ ನುಡಿಸಿದರು, ಚಿಹ್ನೆಯಿಟ್ಟು ನುಡಿಸಿದರು. ಕೊನೆಗೆ, "ಇದೆ ಕಣಯ್ಯಾ. ಎಷ್ಟು ಚೆನ್ನಾಗಿದೆ ನೋಡು! ನಲವತ್ತು ವರ್ಷ ಇದನ್ನ ಕಳ್ಕೊಂಡಿದ್ದೆ" ಎಂದರು.

6. ಬಳಿಕ ಕಪಾಟಿನಿಂದ 1969ರ ಕರಡಚ್ಚನ್ನು ತೆಗೆದರು. ಹಾಳೆ ಹಾಳೆಗೂ ಕೆಂಪು ಪೆನ್ಸಿಲಿನ ತಿದ್ದುಪಡಿ, ಕೆಳಗೆ ತಾರೀಖು. ಆ ಒಂದು ಹಾಳೆಯಲ್ಲಿ ಮಾತ್ರ ಗೆರೆಯೊಂದು ಅರ್ಧಕ್ಕೇ ನಿಂತಿದೆ. ತಾರೀಖು 14 ಮಾರ್ಚ್.

"ಆಸ್ಪತ್ರೆ ಬೆಂಚಿನ ಮೇಲೆ ಕೂತು ತಿದ್ತಾ ಇದ್ದೆ" ಎಂದರು ಮಾವನವರು. "ನರ್ಸಮ್ಮ ಬಂದು 'ಹೆಣ್ಣು ಮಗು' ಅಂದ್ಲು. ಪೆನ್ಸಿಲ್ ಎಲ್ಲಿ ಬಿತ್ತೋ, ವಾಪಸ್ ಬಂದು ಯಾವ ಪುಟದಿಂದ ಶುರು ಮಾಡಿದ್ನೋ! ತಪ್ಪು ನಂದೇ, ಬರಿ. ಆದ್ರೆ ಅದು ಅಜಾಗರೂಕತೆ ಅಲ್ಲಪ್ಪಾ."

7. ಅರ್ಜಿದಾರನು ಆ ಹಾಳೆಯನ್ನು ಕೇಳಿ ಪಡೆದು ಮನೆಗೆ ಬಂದು ಇದನ್ನು ತಿಳಿಸಲಾಗಿ, ಉಟೆ ಅದನ್ನು ತುಂಬ ಹೊತ್ತು ಕೈಯಲ್ಲೇ ಹಿಡಿದುಕೊಂಡಿದ್ದಳು. ಆಮೇಲೆ, ಬುಧವಾರವಾಗಿದ್ದರೂ, ಭಾನುವಾರದ ಉಂಡೆಗೆಂಬಂತೆ ಆಲೂಗಡ್ಡೆ ಸುಲಿಯತೊಡಗಿದಳು.

ಆದ್ದರಿಂದ, ಅಡಿಟಿಪ್ಪಣಿ 41ರಲ್ಲಿ "ಅಜಾಗರೂಕತೆಯಿಂದ" ಎಂಬ ಪದವನ್ನು ತೆಗೆದು "ಸಂತೋಷದಿಂದ" ಎಂದು ಸೇರಿಸಲು ಅನುಮತಿ ನೀಡಬೇಕಾಗಿ ವಿನಂತಿ.

ತಮ್ಮ ವಿಶ್ವಾಸಿ, ಮತ್ತೆ ಊಟ ಸಿಗುತ್ತಿರುವ
ಎಕ್‌ಹಾರ್ಟ್ ಲಿಂಡ್ನರ್

ಲಗತ್ತುಗಳು:
ಅ) ಹಸ್ತಪ್ರತಿಯ ಛಾಯಾಚಿತ್ರ
ಆ) 1969ರ ಕರಡಚ್ಚಿನ ಹಾಳೆ
ಇ) ಪಾಠಾಂತರಕ್ಕೆ ಆಧಾರವಾಗಿ, ಉಟೆಯ ಜನನ ಪ್ರಮಾಣಪತ್ರ

ವಿ.ಸೂ.: ಹೊಸ ಪದ ಹಳೆಯದಕ್ಕಿಂತ ಚಿಕ್ಕದು. ಸಾಲು ಮುರಿಯುವುದಿಲ್ಲ.