ಯಮನಿಗೆ ಬಿದ್ದ ಮೆಟ್ಟಿಲು

ಮನುಷ್ಯನಿಗೆ ಬರಬಾರದ ಆಸೆಗಳು ಎಷ್ಟೋ ಇವೆ. ನನಗೆ ಬಂದದ್ದು ಮೆಟ್ಟಿಲಿನ ಆಸೆ. ನಾನು ನಿಜಾಮ ಸರ್ಕಾರದ ಸುರಪುರ ಕಚೇರಿಯಲ್ಲಿ ಉರ್ದು ಕಾಗದ ನಕಲು ಮಾಡುವ ಗುಮಾಸ್ತ. ಒಮ್ಮೆ ಕಾಗದಕ್ಕೆ ನಮ್ಮ ಸಾಹೇಬರ ರುಜು ಹಾಕಿಸಲು ಗುಡ್ಡದ ಮೇಲಿನ ಇಂಗ್ಲಿಷರ ಹಳೆಯ ಬಂಗಲೆಗೆ ಹೋದವನು, ವಿಕ್ಟೋರಿಯಾ ರಾಣಿಯ ಕಾಲದ ಅದರ ಮರದ ಮೆಟ್ಟಿಲು ಕಂಡು ಕೆಟ್ಟೆ. ಕಡೆದ ಗೂಟಗಳ ಸಾಲು, ಅದರ ಮೇಲೆ ಕೈ ತಾನಾಗಿ ಜಾರುವ ನುಣುಪಾದ ಕಟಕಟೆ, ಬುಡದಲ್ಲಿ ಗುಂಡು ಹೊತ್ತ ದಪ್ಪ ಕಂಬ. ಕಟಕಟೆ ಹಿಡಿದು ಇಳಿಯುವಾಗ ನಾನೂ ಸಾಹೇಬನೇ ಅನ್ನಿಸಿತು. ಕೆಳಗೆ ನಿಂತಿದ್ದ ಜವಾನ, "ಚಪ್ಪಲಿ ಕೈಯಾಗ ಹಿಡ್ಕೊಂಡು ಹೋಗ್ರಿ" ಅಂದ. ಅದು ಬೇರೆ ಮಾತು.

ಹೆಂಡತಿ ಶಾಂತವ್ವ ಹೆರಿಗೆಗೆ ಶಿರವಾಳದ ತವರಿಗೆ ಹೋಗಿದ್ದಳು. ಅವಳು ಕೂಸಿನೊಂದಿಗೆ ಬರುವಷ್ಟರಲ್ಲಿ ಮಾಳಿಗೆಯ ಕೋಣೆಗೆ ಅಂಥದೇ ಮೆಟ್ಟಿಲು ಮಾಡಿಸೋಣವೆಂದು ಬಡಿಗೇರ ಮೌನಪ್ಪನನ್ನು ಕರೆಸಿದೆ. ಜೀವಮಾನವಿಡೀ ತೊಟ್ಟಿಲು, ಕೂರಿಗೆ ಮಾಡಿದ ಕೈ. ನಾನು ಬರೆದುಕೊಟ್ಟ ಚಿತ್ರ ನೋಡಿ ಕಡೆದ ಗೂಟಗಳು ತೊಟ್ಟಿಲ ಕಾಲುಗಳಾದವು, ಬುಡದ ಗುಂಡು ಕಳಸವಾಯಿತು. ಸಹಿಸಿದೆ. ಆದರೆ ಬಂಗಲೆಯಲ್ಲಿ ಹದಿನೇಳು ಮೆಟ್ಟಿಲಿದ್ದವು, ನಮಗೂ ಹದಿನೇಳೇ ಬೇಕೆಂದಾಗ ಅವನು ಉಳಿ ಕೆಳಗಿಟ್ಟ.

"ಇಂದ್ರ, ಯಮ, ರಾಜ, ಮತ್ತ ಇಂದ್ರ ಅಂತ ಮೆಟ್ಟಿಲಿಗೊಂದು ಎಣಿಸ್ಕೋತ ಏರ್ರಿ ಧಣೇರ. ಹದಿನೇಳನೇದು ಯಮಗ ಬೀಳತೈತಿ. ಮನ್ಯಾಗ ಹಸಗೂಸು ಬರೂದೈತಿ, ಹದಿನೆಂಟು ಮಾಡೂಣು, ರಾಜಗ ಬೀಳಲಿ."

"ಇಂಗ್ಲಿಷರು ಹದಿನೇಳು ಕಟ್ಟಿ ಸತ್ತಾರೇನು?"

"ಒಬ್ಬರರ ಉಳದಾರೇನ್ರಿ ಆ ಬಂಗಲ್ಯಾಗ?"

 ಆದರೂ ನನ್ನ ಹಟವೇ ಗೆದ್ದಿತು; ಹದಿನೇಳೇ ಆದವು.

ಸುದ್ದಿ ಶಿರವಾಳ ಮುಟ್ಟಿತು. ಶಾಂತವ್ವ ಅಣ್ಣನ ಕೈಲಿ ಹೇಳಿಕಳಿಸಿದಳು: "ಯಮ ಇರೂ ಮನಿಗೆ ನನ್ನ ಕೂಸಿನ್ನ ತರಂಗಿಲ್ಲ." ಮೊದಲ ಕೂಸನ್ನು ಕಳೆದುಕೊಂಡವಳು ಅವಳು, ನಗುವ ಮಾತಾಗಿರಲಿಲ್ಲ. ನಾನು ನಕ್ಕೆ. ಅದೇ ವಾರ, ಮಧ್ಯಾಹ್ನ ಒಬ್ಬನೇ ರೊಟ್ಟಿ ಉಣ್ಣುತ್ತಿದ್ದಾಗ ಎಲ್ಲಕ್ಕೂ ಮೇಲಿನ ಮೆಟ್ಟಿಲು ಕಿರ್ ಎಂದಿತು. ತುಸು ತಡೆದು ಅದರ ಕೆಳಗಿನದು. ಆಮೇಲೆ ಅದರ ಕೆಳಗಿನದು. ಯಾರೂ ಕಾಣಲಿಲ್ಲ. ಹದಿನೇಳು ಮುಗಿಸಿ, ನನ್ನ ತಾಟಿನಿಂದ ಮೂರು ಮೊಳ ದೂರದಲ್ಲಿ ಸದ್ದು ನಿಂತಿತು. ತಾಟು ಎತ್ತಿಕೊಂಡು ಹೊರಗಿನ ಕಟ್ಟೆಗೆ ಹೋದೆ. ಮರುದಿನವೂ ಅದೇ ಹೊತ್ತಿಗೆ ಹಾಗೇ ಆಯಿತು. ಮೂರನೆಯ ದಿನ ಮೌನಪ್ಪನನ್ನು ಕರೆತಂದು ಕೂರಿಸಿದೆ. "ಹಸಿ ಕಟ್ಟಿಗಿರಿ, ಬಿಸಲಿಗೆ ಮೈ ಮುರೀತೈತಿ" ಅಂದ. ಸದ್ದು ಪೂರ್ತಿ ಇಳಿದು ಬಂದ ಮೇಲೆ, "ಒಂದರ ಹಿಂದೊಂದು ಯಾಕ ಮುರೀತೈತೋ, ನನಗ ತಿಳೀವಲ್ದು" ಎಂದು ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಒರೆಸಿಕೊಂಡ. ಅಂದೇ ಸಂಜೆ ಬುಡಕ್ಕೊಂದು ಶಹಾಪುರದ ಕಲ್ಲುಚಪ್ಪಡಿ ಹಾಕಿಸಿ ಹದಿನೆಂಟು ಮಾಡಿ, ಶಿರವಾಳಕ್ಕೆ ಸುದ್ದಿ ಕಳಿಸಿದೆ.

ಶಾಂತವ್ವ ಬಂದಳು. ಕೂಸನ್ನು ಎತ್ತಿಕೊಂಡು, ಬಾಯಿಬಿಟ್ಟು ಎಣಿಸುತ್ತ ಏರಿ, ರಾಜನಿಗೆ ಮುಗಿದದ್ದನ್ನು ಕಂಡು ನಕ್ಕಳು. ನನ್ನ ಜೀವಕ್ಕೂ ತಂಪಾಯಿತು. ಮಧ್ಯಾಹ್ನವಾಯಿತು. ಸದ್ದು ಇಳಿಯತೊಡಗಿತು. ಅವಳು ತೊಟ್ಟಿಲ ಹಗ್ಗ ಬಿಟ್ಟು ಎಣಿಸತೊಡಗಿದಳು. ಕಲ್ಲು ಕಿರ್ ಎನ್ನುವುದಿಲ್ಲವೆಂಬುದು ಆಗ ನನಗೆ ಹೊಳೆಯಿತು! ಹದಿನೇಳಾದೊಡನೆ, ಚಪ್ಪಡಿಯ ಪಕ್ಕ ನಿಂತಿದ್ದ ನಾನು ಹಿಮ್ಮಡಿಯಿಂದ ಮೆಲ್ಲಗೆ ಕುಟ್ಟಿದೆ.

"ಹದಿನೆಂಟು. ರಾಜನ ಅದಾನ ಬಿಡ್ರಿ" ಎಂದು ಅವಳು ಮತ್ತೆ ಹಗ್ಗ ಹಿಡಿದಳು.

ಅಂದಿನಿಂದ ದಿನಾ ಮಧ್ಯಾಹ್ನ ಕಚೇರಿಯಿಂದ ಓಡಿಬಂದು ಒಂದು ಮೆಟ್ಟಿಲು ಕುಟ್ಟುವುದು ನನ್ನ ನೌಕರಿಯಾಯಿತು. ಒಂದು ದಿನ ಸಾಹೇಬರು ಬಿಡಲಿಲ್ಲ. ಬೆವರು ಸುರಿಸುತ್ತ ಬಂದಾಗ ಹೊತ್ತು ಮೀರಿತ್ತು. ಅವಳು ಗಂಟು ಕಟ್ಟಿ ಶಿರವಾಳಕ್ಕೆ ಹೊರಟಿರುತ್ತಾಳೆಂದೇ ತಿಳಿದಿದ್ದೆ. ನೋಡಿದರೆ ಕೂಸಿಗೆ ಹಾಲೂಡಿಸುತ್ತಿದ್ದಳು.

"ಯಾಕ ಇಷ್ಟು ಓಡಿ ಬಂದ್ರಿ?" ಅಂದಳು. "ಇವತ್ತೂ ಹದಿನೆಂಟ ಅದಾವ."

ಈಗ ಮಧ್ಯಾಹ್ನದ ರೊಟ್ಟಿಯನ್ನು ಕಚೇರಿಯಲ್ಲೇ ಉಣ್ಣುತ್ತೇನೆ. ಕಲ್ಲು ಕುಟ್ಟುವ ಕೆಲಸಕ್ಕೆ ಮನೆಯಲ್ಲಿ ಆಗಲೇ ಯಾರೋ ಇದ್ದಾರೆ; ನಾನೂ ಹೋಗಿ ಕುಟ್ಟಿದರೆ ಎಲ್ಲಿ ಹತ್ತೊಂಬತ್ತಾಗಿ ಶಾಂತವ್ವನಿಗೆ ನನ್ನ ಗುಟ್ಟು ತಿಳಿದುಬಿಡುತ್ತದೋ ಎಂಬ ಭಯ.